ಎಂಜಿನ್ ನೆತ್ತಿಯಲ್ಲಿ ಆಯಿಲ್ ಸೋರಿಕೆ: ಮೂಲ ಹುಡುಕುವ ಬಗೆ

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಮೇಲೆ ಬಂದು ಕಾರು ನಿಲ್ಲಿಸಿದರೆ ಬಾನೆಟ್ ಸಂದಿಯಿಂದ ಸುಟ್ಟ ಎಣ್ಣೆಯ ವಾಸನೆ. ಮರುದಿನ ಬೆಳಿಗ್ಗೆ ಅಂಗಳದ ಸಿಮೆಂಟಿನ ಮೇಲೆ ನಾಣ್ಯದಗಲದ ಕಪ್ಪು ಕಲೆ. ಬಗ್ಗಿ ನೋಡಿದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಪೂರ್ತಿ ಒದ್ದೆ. ‘ಚೇಂಬರ್ ಪ್ಯಾಕಿಂಗ್ ಹೋಯ್ತು’ ಅಂತ ಅಲ್ಲಿಗೇ ತೀರ್ಪಾಗುತ್ತದೆ. ಪ್ಯಾಕಿಂಗ್ (ಜೋಡಣೆಯ ಸಂದಿ ಮುಚ್ಚುವ ಪಟ್ಟಿ) ಬದಲಾಗುತ್ತದೆ, ಹೊಸ ಆಯಿಲ್ ಬೀಳುತ್ತದೆ, ಹದಿನೈದು ದಿನಕ್ಕೆ ಕಲೆ ಮತ್ತೆ ಅದೇ ಜಾಗದಲ್ಲಿ.

ತಪ್ಪಾಗುವುದು ನೋಡುವ ದಿಕ್ಕಿನಲ್ಲಿ. ಎಂಜಿನ್ನಿನ ಮೇಲ್ಭಾಗದಲ್ಲಿ ಒಸರಿದ ಎಣ್ಣೆ ಹೆಡ್ಡಿನ (ಎಂಜಿನ್ನಿನ ಮೇಲಿನ ತುಂಡು) ಪಕ್ಕದಿಂದ ಬ್ಲಾಕಿಗೆ (ಸಿಲಿಂಡರುಗಳಿರುವ ನಡುವಿನ ತುಂಡು), ಬ್ಲಾಕಿನಿಂದ ಚೇಂಬರಿನ ಅಂಚಿಗೆ ಇಳಿದು, ಅಲ್ಲಿ ಯಾವ ಬೋಲ್ಟಿನ ತಲೆ ಎಲ್ಲಕ್ಕಿಂತ ತಗ್ಗಿನಲ್ಲಿದೆಯೋ ಅಲ್ಲಿಂದ ಹನಿಯುತ್ತದೆ. ಕಾರು ಓಡುವಾಗ ರೇಡಿಯೇಟರ್ ಕಡೆಯಿಂದ ಬರುವ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ನೆಲದ ಕಲೆ ಸೋರಿಕೆ ಇದೆ ಅನ್ನುವುದನ್ನಷ್ಟೇ ಹೇಳುತ್ತದೆ, ಎಲ್ಲಿಂದ ಅನ್ನುವುದನ್ನಲ್ಲ. ಹುಡುಕಬೇಕಾದದ್ದು ಹೊಸ ಎಣ್ಣೆ ಕಾಣುವ ಅತಿ ಎತ್ತರದ, ಅತಿ ಮುಂದಿನ ಒದ್ದೆ ಜಾಗವನ್ನು. ಅದರ ಕೆಳಗೆ ಹಿಂದೆ ಎಷ್ಟೇ ಒದ್ದೆಯಿದ್ದರೂ ಸದ್ಯಕ್ಕೆ ಲೆಕ್ಕಕ್ಕಿಲ್ಲ.

ಮೊದಲು ಎಣ್ಣೆಯ ಮಟ್ಟ, ಆಮೇಲೆ ಅದು ಯಾವ ಎಣ್ಣೆ

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಶಿರಸಿ ಕಡೆಯ ಅನೇಕ ಮನೆಗಳ ಅಂಗಳ ಇಳಿಜಾರಿನಲ್ಲಿರುತ್ತದೆ, ಅಲ್ಲಿ ತೆಗೆದ ಅಳತೆ ಸುಳ್ಳು ಹೇಳುತ್ತದೆ. ಎಂಜಿನ್ ಬಿಸಿ ಮಾಡಿ, ಬಂದ್ ಮಾಡಿ, 5ರಿಂದ 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ಎಳೆಯಿರಿ. ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು 1 ಲೀಟರ್ ಅಂತರವಿರುತ್ತದೆ. ಮಟ್ಟವನ್ನೂ ಕಿಲೋಮೀಟರ್ ಅಂಕಿಯನ್ನೂ ಒಂದು ಚೀಟಿಯಲ್ಲಿ ಬರೆದಿಡಿ.

ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ ತನಿಖೆಗೆ ಇಳಿಯುವ ಮೊದಲು ಹೆಚ್ಚಾದದ್ದನ್ನು ತೆಗೆಸಿ. ಎಣ್ಣೆ ಅತಿಯಾದರೆ ತಳದಲ್ಲಿ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿಗೂ ಎಣ್ಣೆ ನುಗ್ಗುತ್ತದೆ. ಕೈಯಳತೆಯಲ್ಲಿ ಟಾಪ್-ಅಪ್ ಮಾಡಿಸಿದ ಕಾರುಗಳಲ್ಲಿ ಇದು ಕಾಣಸಿಗುತ್ತದೆ.

ಸೋರುತ್ತಿರುವುದು ಎಂಜಿನ್ ಆಯಿಲೇ ಹೌದೇ ಎನ್ನುವುದಕ್ಕೆ ರಾತ್ರಿ ಕಾರಿನಡಿಗೆ ಬಿಳಿ ರಟ್ಟು ಹಾಸಿಡಿ. ಕಂದು ಅಥವಾ ಕಪ್ಪಗಿದ್ದು ಬೆರಳಿಗೆ ಜಾರಿದರೆ ಎಂಜಿನ್ ಆಯಿಲ್. ನೀರಿನಷ್ಟು ತೆಳುವಾಗಿ, ಹಸಿರೋ ಗುಲಾಬಿಯೋ ಇದ್ದು, ಸಿಹಿ ವಾಸನೆ ಬಂದರೆ ಕೂಲಂಟ್. ಕೆಂಪಗಿದ್ದರೆ ಪವರ್ ಸ್ಟೀರಿಂಗ್ ಅಥವಾ ಗೇರ್ ಆಯಿಲಿನ ಕಡೆ ನೋಡಿ. ಕಾರವಾರದ ಸೆಕೆಗೆ ಏಸಿ ಹಾಕಿ ಓಡಿಸಿ ನಿಲ್ಲಿಸಿದಾಗ ಸುರಿಯುವುದು ಬರೀ ನೀರು, ಅದಕ್ಕೆ ಹೆದರಬೇಕಿಲ್ಲ.

ತೊಳೆಯದೆ ತೀರ್ಪು ಕೊಡಬೇಡಿ

ನಮ್ಮ ಕಡೆಯ ಹಳೆಯ ಸೋರಿಕೆಗೆ ಬೇಸಿಗೆಯ ಕೆಂಪು ಧೂಳು ಕೂತು ಕೂತು ದಪ್ಪ ಕೆಸರಿನ ಪದರವೇ ಆಗಿರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ. ಹಿಂದೆಂದೋ ಸರಿಮಾಡಿಸಿದ ಸೋರಿಕೆಯ ಗುರುತೂ ಇದರಲ್ಲೇ ಸೇರಿರುತ್ತದೆ. ಹೊಸ ಎಣ್ಣೆ ಮಾತ್ರ ಟಾರ್ಚ್ ಬೆಳಕಿಗೆ ಹೊಳೆಯುತ್ತದೆ, ಬಿಳಿ ಬಟ್ಟೆಗೆ ಕೂಡಲೇ ಹತ್ತುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಸೈಲೆನ್ಸರ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆ) ಬರಿಗೈಯಲ್ಲಿ ಮುಟ್ಟುವಂತಾದ ಮೇಲೆ ಕೆಲಸ ಶುರು. ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದಿಡಿ. ಕೆಲವು ಕಾರುಗಳಲ್ಲಿ ಇದು ರಬ್ಬರ್ ಗುಂಡಿಗಳ ಮೇಲೆ ಕೂತಿರುತ್ತದೆ, ಮೇಲಕ್ಕೆಳೆದರೆ ಬರುತ್ತದೆ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಎಂಜಿನ್ ಡಿಗ್ರೀಸರ್ ಅರ್ಧ ಲೀಟರ್ ಸಾಕು. ಎರಚಿ ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೆ ಪೇಂಟ್ ಬ್ರಶ್ಶಿನಿಂದ ಮೂಲೆಮೂಲೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡೀಸೆಲ್‌ನಲ್ಲಿ ತೊಳೆಯುವ ರೂಢಿ ಇದೆ, ಕೆಸರನ್ನು ಚೆನ್ನಾಗಿ ಬಿಡಿಸುತ್ತದೆ ಕೂಡ. ಆದರೆ ಡೀಸೆಲ್ ತನ್ನದೇ ಎಣ್ಣೆ ಪಸೆ ಬಿಟ್ಟುಹೋಗುತ್ತದೆ, ಆ ಪಸೆ ನಾಳೆ ಸೋರಿಕೆಯಂತೆ ಕಂಡು ದಾರಿ ತಪ್ಪಿಸುತ್ತದೆ. ಡೀಸೆಲ್ ಬಳಸಿದರೆ ಮೇಲಿಂದ ಸೋಪಿನ ನೀರಿನ ಬಟ್ಟೆಯಲ್ಲಿ ಒಮ್ಮೆ ಒರೆಸಲೇಬೇಕು. ಪೆಟ್ರೋಲ್ ಹತ್ತಿರಕ್ಕೂ ತರಬೇಡಿ. ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ನೀರೂ ಬೇಡ. ಅದು ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಗೂ ಸೆನ್ಸರ್ ಕನೆಕ್ಟರಿಗೂ ನುಗ್ಗಿದರೆ ಸೋರಿಕೆ ಹುಡುಕಲು ಹೋದವರು ಮಿಸ್‌ಫೈರ್ (ಎಂಜಿನ್ ತಡವರಿಸುವುದು) ಹುಡುಕುತ್ತ ಕೂರಬೇಕಾಗುತ್ತದೆ.

ತೊಳೆಯುವಾಗಲೇ ವೈರು, ಬ್ರೀದರ್ ಪೈಪು ನೋಡಿಕೊಳ್ಳಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳಿಗೆ ಬಾನೆಟ್ಟಿನೊಳಗಿನ ರಬ್ಬರ್ ಎಂದರೆ ಪ್ರೀತಿ. ಕಚ್ಚಿದ ಬ್ರೀದರ್ ಪೈಪಿನಿಂದಲೂ ಎಣ್ಣೆ ಮಂಜು ಹೊರಬಿದ್ದು ಸುತ್ತಲೂ ಅಂಟುತ್ತದೆ.

ಓಡಿಸಿ ನೋಡುವುದು

ಒಣಗಿದ ಮೇಲೆ ಕಟ್ಟಿದ ಚೀಲಗಳನ್ನೆಲ್ಲ ಬಿಚ್ಚಿ, ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತದೆ 15 ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ಟಾರ್ಚ್ ಹಿಡಿದು, ತಲುಪದ ಕಡೆಗೆ ಸಣ್ಣ ಕನ್ನಡಿ ಹಿಡಿದು, ಹೆಡ್ಡಿನ ಮೇಲೆ ಮುಚ್ಚಿರುವ ಟ್ಯಾಪೆಟ್ ಕವರಿನ ಸುತ್ತ ನೋಡಿ. ಫೋನಿನ ಕ್ಯಾಮೆರಾ ಇಳಿಸಿ ವಿಡಿಯೋ ತೆಗೆದರೂ ಆದೀತು. ಬೆಲ್ಟು, ಫ್ಯಾನು ತಿರುಗುವ ಕಡೆ ಕೈ ಹಾಕಬೇಡಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ಚಾಲೂ ಆಗುತ್ತದೆ.

ಐಡ್ಲಿಂಗಿನಲ್ಲಿ ಏನೂ ಕಾಣದಿರುವುದು ಸಾಮಾನ್ಯ. ಎಣ್ಣೆ ಕುದಿಬಿಸಿಯಾಗಿ ತೆಳುವಾಗಬೇಕು, ಒಳಗೆ ಒತ್ತಡ ಏರಬೇಕು. ಅದಕ್ಕೆ 30-40 ಕಿಲೋಮೀಟರ್ ಓಟ ಬೇಕು. ಕಾರವಾರದವರಿಗೆ ಅಂಕೋಲಾವರೆಗಿನ ಹೆದ್ದಾರಿ ಸರಿಹೋಗುತ್ತದೆ, ಶಿರಸಿಯವರಿಗೆ ದೇವಿಮನೆ, ಯಲ್ಲಾಪುರದವರಿಗೆ ಅರಬೈಲ್ ಘಟ್ಟ ಇದ್ದೇ ಇದೆ. ಘಟ್ಟದ ಓಟಕ್ಕೆ ಇನ್ನೊಂದು ಉಪಯೋಗವೂ ಇದೆ. ಏರುವಾಗ ಕಾರಿನ ಮೂಗು ಮೇಲಾಗಿ ಹೆಡ್ಡಿನೊಳಗಿನ ಎಣ್ಣೆ ಹಿಂಬದಿಗೆ, ಅಂದರೆ ಡ್ಯಾಶ್‌ಬೋರ್ಡಿನ ಕಡೆಯ ಅಂಚಿಗೆ ವಾಲುತ್ತದೆ. ಇಳಿಯುವಾಗ ಮುಂಬದಿಗೆ. ಹತ್ತಿದ ಮೇಲೆ ಮಾತ್ರ ವಾಸನೆ ಬರುತ್ತಿದ್ದರೆ ಹಿಂಬದಿಯ ಅಂಚನ್ನು ಮೊದಲು ನೋಡಿ, ಕಣ್ಣಿಗೆ ಸುಲಭಕ್ಕೆ ಸಿಗದ ಜಾಗವೂ ಅದೇ.

ಘಟ್ಟ ಇಳಿದು ಕತಗಾಲದ ಹತ್ತಿರ ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸೈಲೆನ್ಸರಿನಿಂದ ನೀಲಿ ಹೊಗೆಯ ಗುಪ್ಪೆ ಬಂದರೆ ಕತೆ ಬೇರೆ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯುವಾಗ ಪೆಟ್ರೋಲ್ ಎಂಜಿನ್ನಿನ ಇನ್‌ಟೇಕಿನಲ್ಲಿ ಎಳೆತ ಜೋರಾಗಿ, ಸವೆದ ವಾಲ್ವ್ ಸೀಲುಗಳ ಮೂಲಕ ಎಣ್ಣೆ ಸಿಲಿಂಡರಿಗೆ ಇಳಿದಿರುತ್ತದೆ. ಮಟ್ಟ ಕಡಿಮೆಯಾಗುತ್ತದೆ, ಹೊರಗೆ ಹನಿ ಬೀಳುವುದಿಲ್ಲ. ಅದನ್ನು ಯಾವ ಕವರ್ ಪ್ಯಾಕಿಂಗೂ ಸರಿಮಾಡದು.

ಸಣ್ಣ ಸೋರಿಕೆ ಕಣ್ಣಿಗೆ ಸಿಗದಿದ್ದರೆ ಮುಖಕ್ಕೆ ಹಾಕುವ ಪೌಡರ್ ಉಪಾಯ ಇದೆ. ತೆಳು ಬಟ್ಟೆಯ ತುಂಡಿನಲ್ಲಿ ಎರಡು ಚಮಚ ಪೌಡರ್ ಗಂಟು ಕಟ್ಟಿ, ಅನುಮಾನದ ಜೋಡಣೆಯ ಉದ್ದಕ್ಕೂ ತಟ್ಟುತ್ತ ಹೋಗಿ, ತೆಳುವಾಗಿ ಬಿಳಿ ಕೂರುತ್ತದೆ. ಬೆಲ್ಟ್, ಆಲ್ಟರ್ನೇಟರ್ ಕಡೆ ಬೇಡ. 10-15 ಕಿಲೋಮೀಟರ್ ಓಡಿಸಿ ಬಂದರೆ ಎಣ್ಣೆ ಒಸರಿದ ಜಾಗದಿಂದ ಕೆಳಕ್ಕೆ ಕಪ್ಪು ಗೆರೆ ಎಳೆದಿರುತ್ತದೆ. ಜೂನ್-ಜುಲೈನಲ್ಲಿ ಕರಾವಳಿಯ ಗಾಳಿಗೇ ಪೌಡರ್ ತೇವ ಹೀರಿ ಬೂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಎಂಜಿನ್ ಉಗುರುಬೆಚ್ಚಗಿರುವಾಗ ಹಚ್ಚಿ. ತೇವದ ಮಚ್ಚೆ ಬಿಸಿಗೆ ಮತ್ತೆ ಬಿಳಿಯಾಗುತ್ತದೆ, ಎಣ್ಣೆಯ ಮಚ್ಚೆ ಹಾಗೇ ಉಳಿಯುತ್ತದೆ.

ಪೌಡರಿಗೂ ಬಗ್ಗದ ಸೋರಿಕೆಗೆ ಯುವಿ ಡೈ, ಅಂದರೆ ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ. ಎಂಜಿನ್ ಆಯಿಲಿಗೆಂದೇ ಮಾಡಿದ ಡೈಯನ್ನು ಬಾಟಲಿಯಲ್ಲಿ ಹೇಳಿದಷ್ಟೇ ಹಾಕಿ, ಒಂದೆರಡು ದಿನ ಓಡಿಸಿ, ರಾತ್ರಿ ದೀಪವಾರಿಸಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ಹಾದಿ ಹಳದಿ-ಹಸಿರಾಗಿ ಹೊಳೆಯುತ್ತದೆ. ಎಚ್ಚರ, ಕೆಲವು ಹಸಿರು ಕೂಲಂಟ್‌ಗಳೂ ಅದೇ ಬೆಳಕಿಗೆ ಹೊಳೆಯುತ್ತವೆ.

ಅನುಮಾನಿತರು

ಎಣ್ಣೆ ಹಾಕುವ ಮುಚ್ಚಳವನ್ನು ಎಲ್ಲಕ್ಕಿಂತ ಮೊದಲು ನೋಡಿ, ಯಾಕೆಂದರೆ ಅದಕ್ಕೆ ಪಾನಾ ಕೂಡ ಬೇಡ. ಒಳಗಿನ ರಬ್ಬರ್ ರಿಂಗ್ ಚಪ್ಪಟೆಯಾಗಿ ಬಿರುಸಾಗಿದ್ದರೆ ಬದಲಿಸಿ. ಮುಚ್ಚಳದ ಸುತ್ತ ಮಾತ್ರ ಒದ್ದೆಯಿದ್ದು ಮೊನ್ನೆಯಷ್ಟೇ ಸರ್ವಿಸ್ ಆಗಿದ್ದರೆ ಅದು ಸುರಿಯುವಾಗ ಚೆಲ್ಲಿದ ಎಣ್ಣೆಯೇ ಇರಬಹುದು. ಮುಚ್ಚಳದ ಒಳಮೈಯಲ್ಲಿ ಹಾಲು ಹಾಕಿದ ಕಾಫಿ ಬಣ್ಣದ ನೊರೆ ಕಂಡ ಕೂಡಲೇ ಹೆಡ್ ಪ್ಯಾಕಿಂಗ್ ಹೋಯಿತೆಂದು ಗಾಬರಿಯಾಗಬೇಡಿ. ಶಿರಸಿ ಮಳೆಯಲ್ಲಿ ದಿನಾ ಎರಡು-ಮೂರು ಕಿಲೋಮೀಟರ್ ಪೇಟೆಗೆ ಹೋಗಿಬರುವ ಕಾರಿನ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗಿನ ಹಬೆ ತಣಿದು ಎಣ್ಣೆಗೆ ಬೆರೆತು ಹಾಗಾಗುತ್ತದೆ. ಕೂಲಂಟ್ ಮಟ್ಟ ಇಳಿಯದೆ, ಡಿಪ್‌ಸ್ಟಿಕ್ಕಿನ ಎಣ್ಣೆ ತಿಳಿಯಾಗಿದ್ದರೆ ಒರೆಸಿ, ಒಮ್ಮೆ 50 ಕಿಲೋಮೀಟರ್ ಓಡಿಸಿ ನೋಡಿ. ಎರಡರಲ್ಲೊಂದು ಕೆಟ್ಟಿದ್ದರೆ ಮಾತ್ರ ಹೆಡ್ಡಿನ ಚಿಂತೆ.

ನಿಜವಾದ ಕಳ್ಳ ಹೆಚ್ಚಿನ ಸಲ ಟ್ಯಾಪೆಟ್ ಕವರಿನ ಪ್ಯಾಕಿಂಗ್. ವರ್ಷಗಟ್ಟಲೆ ಬಿಸಿಗೆ ಬೆಂದು ರಬ್ಬರ್ ಪ್ಲಾಸ್ಟಿಕ್ಕಿನಂತಾಗುತ್ತದೆ. ತೆಗೆದು ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ, ಹೊಸದು ಬೆರಳಿಗೆ ಸುತ್ತಿಕೊಳ್ಳುವಷ್ಟು ಮೆತ್ತಗಿರುತ್ತದೆ. ಕವರಿನ ನಾಲ್ಕು ಮೂಲೆ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ತುದಿಯಲ್ಲಿ ಬರುವ ಅರ್ಧಚಂದ್ರಾಕಾರದ ತಿರುವು, ಟೈಮಿಂಗ್ ಕವರ್ ಬಂದು ಹೆಡ್ಡಿಗೆ ಸೇರುವ ಗೆರೆ, ಸೋರುವುದು ಇವುಗಳಲ್ಲೇ. ನೇರ ಅಂಚಿನಲ್ಲಿ ಸೋರುವುದು ಅಪರೂಪ, ಅಲ್ಲಿ ಸೋರಿದರೆ ಕವರೇ ಸೊಟ್ಟಗಾಗಿದೆಯೇ ನೋಡಿ. ತಗಡಿನ ಕವರ್ ಇರುವ ಹಳೆಯ ಕಾರುಗಳಿಗೆ ಕಡಲಬದಿಯಲ್ಲಿ ಇನ್ನೊಂದು ರೋಗ: ಉಪ್ಪುಗಾಳಿಗೆ ಅಂಚು ತುಕ್ಕು ಹಿಡಿದು ಗುಳಿಗುಳಿಯಾಗಿ, ಹೊಸ ಪ್ಯಾಕಿಂಗಿಗೆ ಕೂರಲು ಸಮ ಜಾಗವೇ ಇರುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ತುಕ್ಕಿಲ್ಲ, ಆದರೆ ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗುಗಳ ಗುಂಡಿಯನ್ನೂ ನೋಡಲೇಬೇಕು. ಕಾಯಿಲಿನ 10 ಎಂಎಂ ಬೋಲ್ಟ್ ಬಿಚ್ಚಿ, ಕಾಯಿಲನ್ನು ಸ್ವಲ್ಪ ತಿರುಗಿಸುತ್ತ ನೇರ ಮೇಲಕ್ಕೆ ಎಳೆಯಿರಿ. ಅದರ ಉದ್ದನೆಯ ರಬ್ಬರ್ ಮೂತಿ ಎಣ್ಣೆಯಲ್ಲಿ ಅದ್ದಿದಂತಿದ್ದರೆ ಪ್ಲಗ್ ಟ್ಯೂಬಿನ ಸೀಲ್ ಹೋಗಿದೆ. ಹೊರಗೆ ಒಂದು ಹನಿ ಬೀಳದೆಯೂ ಎಂಜಿನ್ ತಡವರಿಸುವುದಕ್ಕೆ, ಚೆಕ್ ಎಂಜಿನ್ ದೀಪ ಹತ್ತುವುದಕ್ಕೆ ಇದೊಂದು ಕಾರಣ. ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಬಟ್ಟೆ ಸುತ್ತಿದ ಕಡ್ಡಿಯಿಂದಲೋ ಸಿರಿಂಜಿನಿಂದಲೋ ಅದನ್ನು ಪೂರ್ತಿ ತೆಗೆಯದೆ ಪ್ಲಗ್ ಬಿಚ್ಚಬೇಡಿ, ಬಿಚ್ಚಿದರೆ ಎಲ್ಲ ಸಿಲಿಂಡರಿಗೆ ಇಳಿಯುತ್ತದೆ. ಈ ಸೀಲು ಕೆಲವು ಎಂಜಿನ್‌ಗಳಲ್ಲಿ ಬಿಡಿಯಾಗಿ ಸಿಗುತ್ತದೆ, ಕೆಲವುದರಲ್ಲಿ ಕವರಿಗೇ ಅಂಟಿಕೊಂಡಿದ್ದು ಕವರ್ ಸಮೇತ ಕೊಳ್ಳಬೇಕಾಗುತ್ತದೆ. ಬಿಚ್ಚುವ ಮೊದಲು ಅಂಗಡಿಯಲ್ಲಿ ವಿಚಾರಿಸಿ.

ಕವರ್ ಒಣಗಿದ್ದು ಅದರ ಪಕ್ಕದಲ್ಲಿ ಒದ್ದೆಯಿದ್ದರೆ ಕ್ಯಾಮ್ ಸೆನ್ಸರ್, ವಾಲ್ವ್ ತೆರೆಯುವ ಸಮಯ ಬದಲಿಸುವ ವಿವಿಟಿ ಸೊಲೆನಾಯ್ಡ್‌ಗಳ ಓ-ರಿಂಗ್ (ರಬ್ಬರ್ ಬಳೆ) ನೋಡಿ. ಒಂದೋ ಎರಡೋ ಬೋಲ್ಟಿನ ಕೆಲಸ, ಹೊಸ ರಿಂಗಿಗೆ ಚೂರು ಎಂಜಿನ್ ಆಯಿಲ್ ಸವರಿ ಕೂರಿಸಿದರಾಯಿತು. ಆದರೆ ಮೊದಲು ಕನೆಕ್ಟರ್ ಕಿತ್ತು ಒಳಗಿನ ಪಿನ್ನುಗಳನ್ನು ನೋಡಿ. ಪಿನ್ನುಗಳಲ್ಲೇ ಎಣ್ಣೆಯಿದ್ದರೆ ಎಣ್ಣೆ ಬಂದದ್ದು ಸೆನ್ಸರಿನ ಒಳಗಿನಿಂದ. ಆಗ ರಿಂಗ್ ಹಾಕಿ ಪ್ರಯೋಜನವಿಲ್ಲ, ಆ ಭಾಗವನ್ನೇ ಬದಲಿಸಬೇಕು.

ಡೀಸೆಲ್ ಕಾರಿನಲ್ಲಿ ಕ್ಯಾಮ್‌ಶಾಫ್ಟಿನ ತುದಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಕೂತಿದ್ದರೆ ಅದರ ಜೋಡಣೆಯೂ ಒಸರುತ್ತದೆ. ಇಂಜೆಕ್ಟರಿನ ಬುಡದಲ್ಲಿ ಡಾಂಬರಿನಂಥ ಗಟ್ಟಿ ಕರಿ ಗಡ್ಡೆ, ಜೊತೆಗೆ ಚುಸ್ ಚುಸ್ ಸದ್ದು ಇದ್ದರೆ ಅದು ಆಯಿಲ್ ಸೋರಿಕೆ ಅಲ್ಲ. ಇಂಜೆಕ್ಟರಿನಡಿಯ ತಾಮ್ರದ ವಾಶರ್ ಬಿಟ್ಟು ಉರಿದ ಗಾಳಿ ಹೊರಬರುತ್ತಿದೆ, ತಡಮಾಡದೆ ಡೀಸೆಲ್ ಕೆಲಸ ಬಲ್ಲವರ ಹತ್ತಿರ ಒಯ್ಯಿರಿ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ಬೆಲ್ಟ್ ಕವರಿನ ಒಳಗಿಂದ ಎಣ್ಣೆ ಇಳಿಯುತ್ತಿದ್ದರೆ ಕ್ಯಾಮ್ ಸೀಲ್. ಎಣ್ಣೆ ಕುಡಿದ ರಬ್ಬರ್ ಬೆಲ್ಟು ನಂಬಿಕೆಗೆ ಯೋಗ್ಯವಲ್ಲ, ಸೀಲಿನ ಜೊತೆ ಅದನ್ನೂ ಬದಲಿಸಿ. ಹೆಡ್ ಪ್ಯಾಕಿಂಗ್ ಹೊರಕ್ಕೆ ಸೋರುವುದೂ ಉಂಟು. ಟ್ಯಾಪೆಟ್ ಕವರಿನ ಅಂಚು ಪೂರ್ತಿ ಒಣಗಿದ್ದು, ಅದರ ಕೆಳಗೆ ಹೆಡ್ಡೂ ಬ್ಲಾಕೂ ಸೇರುವ ಗೆರೆಯಲ್ಲೇ ಒದ್ದೆ ಶುರುವಾಗಿದ್ದರೆ ಮಾತ್ರ ಆ ಹೆಸರೆತ್ತಿ. ಹೆಡ್ ಇಳಿಸುವುದು ದೊಡ್ಡ ಖರ್ಚಿನ ಬಾಬ್ತು. ತೊಳೆದು ಎರಡು ಸಲ ನೋಡದೆ ಒಪ್ಪಬೇಡಿ.

ಪ್ಯಾಕಿಂಗ್ ತರುವ ಮೊದಲು ಬ್ರೀದರ್

ಹೊಸ ಪ್ಯಾಕಿಂಗ್ ಆರು ತಿಂಗಳಿಗೇ ಸೋರಿದರೆ ಬೈಗುಳ ಪ್ಯಾಕಿಂಗಿಗೆ ಬೀಳುತ್ತದೆ. ಬೀಳಬೇಕಾದದ್ದು ಪಿಸಿವಿ ವಾಲ್ವಿಗೆ. ಪಿಸ್ಟನ್ ರಿಂಗುಗಳನ್ನು ದಾಟಿ ಒಂದಿಷ್ಟು ಗಾಳಿ ಸದಾ ಕೆಳಗಿನ ಕೋಣೆಗೆ ನುಸುಳುತ್ತಿರುತ್ತದೆ. ಅದನ್ನು ಇನ್‌ಟೇಕಿಗೆ ಎಳೆದುಕೊಂಡು ಸುಡುವುದು ಈ ವಾಲ್ವಿನ ಮತ್ತು ಬ್ರೀದರ್ ಪೈಪಿನ ಕೆಲಸ. ಜಿಡ್ಡು ಕಟ್ಟಿ ಮುಚ್ಚಿಹೋದರೆ ಒಳಗೆ ಒತ್ತಡ ಏರಿ, ಎಣ್ಣೆ ಅತಿ ದುರ್ಬಲ ಜಾಗದಲ್ಲಿ ಹೊರದಾರಿ ಮಾಡಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಎಣ್ಣೆ ಮುಚ್ಚಳ ತೆಗೆದು, ತೆಳು ಪ್ಲಾಸ್ಟಿಕ್ ಚೀಲದ ತುಂಡೊಂದನ್ನು ಆ ತೂತಿನ ಬಾಯಿಗೆ ಅಡ್ಡ ಹಿಡಿಯಿರಿ. ಕೈಬಿಡಬೇಡಿ, ಒಳಗೆ ಬಿದ್ದರೆ ಕಷ್ಟ. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. ಪಟಪಟನೆ ಮೇಲಕ್ಕೆ ಉಬ್ಬಿದರೆ ಪಿಸಿವಿ ಮುಚ್ಚಿದೆ ಅಥವಾ ರಿಂಗುಗಳು ಸವೆದಿವೆ. ಮುಚ್ಚಳ ತೆಗೆದಾಗ ಐಡ್ಲಿಂಗ್ ತುಸು ಏರುಪೇರಾಗುವುದು ಸಹಜ. ಡೀಸೆಲ್ ಎಂಜಿನ್ನಿನಲ್ಲಿ ಸ್ವಲ್ಪ ಉಗಿ ಬರುವುದೂ ಸಹಜವೇ. ರೈಲಿನಂತೆ ಭುಸುಗುಟ್ಟಿದರೆ ಮಾತ್ರ ಚಿಂತೆ. ಬಿಡಿಯಾಗಿ ಸಿಗುವ ಪಿಸಿವಿ ವಾಲ್ವನ್ನು ತೆಗೆದು ಕಿವಿಯ ಹತ್ತಿರ ಅಲುಗಿಸಿ. ಒಳಗಿನ ತುಂಡು ಕಟಕಟ ಅನ್ನಬೇಕು, ಸುಮ್ಮನಿದ್ದರೆ ಹೊಸದು ಹಾಕಿ.

ಕವರ್ ತೆಗೆದು ಹಾಕುವಾಗ

ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸಡಿಲಿಸುತ್ತ ಬನ್ನಿ. ಕವರ್ ಅಂಟಿಕೊಂಡಿದ್ದರೆ ಮರದ ಹಿಡಿಕೆಯಿಂದ ಪಕ್ಕಕ್ಕೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಎತ್ತಿದರೆ ಅಲ್ಯೂಮಿನಿಯಂ ಹೆಡ್ಡಿಗೆ ಗೀರು ಬಿದ್ದು ಅದೇ ಹೊಸ ಸೋರಿಕೆಯಾಗುತ್ತದೆ. ಹಳೆ ಗಮ್ ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಸ್ಯಾಂಡ್‌ಪೇಪರ್ ಬೇಡ, ಅದರ ಪುಡಿ ಕ್ಯಾಮಿನ ಮೇಲೆ ಬಿದ್ದು ಎಣ್ಣೆಯೊಡನೆ ಬೇರಿಂಗಿಗೆ ಹೋಗುತ್ತದೆ.

ರಬ್ಬರ್ ಪ್ಯಾಕಿಂಗನ್ನು ಒಣದಾಗಿಯೇ ಕವರಿನ ಕಾಲುವೆಗೆ ಕೂರಿಸಿ. ಸುತ್ತಲೂ ಸಿಲಿಕಾನ್ ಗಮ್ ಬಳಿಯುವುದು ಕೆಟ್ಟ ಅಭ್ಯಾಸ. ಪ್ಯಾಕಿಂಗ್ ಜಾರುತ್ತದೆ, ಒಳಕ್ಕೆ ಹಿಂಡಿದ ಗಮ್ಮಿನ ತುಂಡು ಕಳಚಿ ಚೇಂಬರಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಗಮ್ ಬೇಕಾದದ್ದು ಟೈಮಿಂಗ್ ಕವರ್ ಸೇರುವ ಎರಡು ಜಾಗಕ್ಕೆ, ಅರ್ಧಚಂದ್ರದ ಮೂಲೆಗಳಿಗೆ, ಅದೂ 3 ಎಂಎಂ ಬೊಟ್ಟಿನಷ್ಟು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ಸೆನ್ಸರ್‌ಗಳಿಗೆ ಸುರಕ್ಷಿತ ಎಂದು ಬರೆದದ್ದನ್ನೇ ಕೇಳಿ. ಈ ಗಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಮಳೆಗಾಲದಲ್ಲಿ ಒಣಗದೇನೋ ಎಂಬ ಭಯ ಬೇಡ. ಟ್ಯೂಬಿನ ಮೇಲೆ ಹೇಳಿದ ಹೊತ್ತು ಕಾಯಿರಿ. ಸಂಜೆ ಹಚ್ಚಿ ಮರುದಿನ ಸಂಜೆ ಚಾಲೂ ಮಾಡಿದರೆ ನಿಶ್ಚಿಂತೆ.

ಬಿಗಿಯುವಾಗ ಕ್ರಮ ತಿರುಗುಮುರುಗು: ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಸುತ್ತಿನಲ್ಲಿ. ಈ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ ಬೇಕಾಗುವುದು 8ರಿಂದ 11 ನ್ಯೂಟನ್ ಮೀಟರ್, ನಿಮ್ಮ ಎಂಜಿನ್ನಿನ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. 10 ಅಂದರೆ 10 ಸೆಂಟಿಮೀಟರ್ ಹಿಡಿಕೆಯ ತುದಿಗೆ 10 ಕಿಲೋ ತೂಗುಬಿಟ್ಟಷ್ಟು ಮಾತ್ರ. ಉದ್ದ ಪಾನಾ ಹಿಡಿದು ‘ಇನ್ನೊಂದ್ ಚೂರು’ ಅಂತ ಎಳೆದರೆ ಹೆಡ್ಡಿನ ಥ್ರೆಡ್ ಹೋಗುತ್ತದೆ, ಪ್ಲಾಸ್ಟಿಕ್ ಕವರಾದರೆ ಬಿರಿಯುತ್ತದೆ. ಸೋರುತ್ತಿರುವ ಹಳೆ ಪ್ಯಾಕಿಂಗನ್ನು ಬಿಗಿದು ನಿಲ್ಲಿಸುವ ಪ್ರಯತ್ನವೂ ಇದೇ ಜಾತಿಯದು. ಬೋಲ್ಟ್ ನಿಜಕ್ಕೂ ಸಡಿಲವಾಗಿದ್ದರೆ ಮಾತ್ರ ಅದು ಮದ್ದು.

ಎಷ್ಟು ಅವಸರ?

ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದುಕೊಳ್ಳಿ. ನೂರು ಮೀಟರಿಗೊಂದು ಹನಿ ಬಿದ್ದರೆ 1000 ಕಿಲೋಮೀಟರಿಗೆ ಹತ್ತು ಸಾವಿರ ಹನಿ, ಅಂದರೆ ಅರ್ಧ ಲೀಟರ್. ಅಂಚು ಬರೀ ಮಸುಕಾಗಿ ಒದ್ದೆಯಿದ್ದು ಹನಿ ಕಟ್ಟದಿದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯಬಹುದು. ಹನಿ ಸೈಲೆನ್ಸರ್ ಮ್ಯಾನಿಫೋಲ್ಡಿನ ಮೇಲೆ ಬಿದ್ದು ಹೊಗೆಯಾಡುತ್ತಿದ್ದರೆ ಕಾಯುವಂತಿಲ್ಲ, ಅದು ಬೆಂಕಿಯ ಮಾತು. ಆಲ್ಟರ್ನೇಟರ್ ಮೇಲೆ ಬೀಳುತ್ತಿದ್ದರೂ ತಡಮಾಡಬೇಡಿ. ಆಯಿಲ್ ಪ್ರೆಶರಿನ ಕೆಂಪು ದೀಪ ಹತ್ತಿದರೆ ಘಟ್ಟದ ತಿರುವಾಗಿದ್ದರೂ ಸರಿ, ಸುರಕ್ಷಿತ ಬದಿ ಸಿಕ್ಕಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಪೇಟೆ ಮುಟ್ಟಿಸಿಬಿಡೋಣ ಎಂದು ಮುಂದೆ ಹೋದ ಆ ಎರಡು ಕಿಲೋಮೀಟರ್‌ನಲ್ಲಿ ಬೇರಿಂಗ್ ಹೋಗಿಬಿಡಬಹುದು.

ಕೆಲಸವಾದ ಮೇಲೆ ಮೊದಲ ದಿನ ಕವರಿನ ಕೆಳಗೆ ತುಸು ಹೊಗೆ, ವಾಸನೆ ಬರಬಹುದು, ಮ್ಯಾನಿಫೋಲ್ಡಿನ ಮೇಲೆ ಉಳಿದ ಹಳೆ ಎಣ್ಣೆ ಸುಡುವುದದು. ಎರಡು-ಮೂರು ಓಟಕ್ಕೆ ನಿಲ್ಲಬೇಕು. 500 ಕಿಲೋಮೀಟರ್ ಆದ ಮೇಲೆ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಕವರಿನ ಹಿಂಬದಿ ಅಂಚಿನ ಉದ್ದಕ್ಕೂ ಒಮ್ಮೆ ಎಳೆದು, ಡಿಪ್‌ಸ್ಟಿಕ್ ಮಟ್ಟವನ್ನು ಮೊದಲು ಬರೆದಿಟ್ಟ ಚೀಟಿಯ ಜೊತೆ ತಾಳೆ ನೋಡಿ.